ಮರಿಯೆಟ್ಟಾ ಪಟ್ಟಣದ ಸ್ಥಾಪಕ ರೂಫಸ್ ಪಟ್ನಮ್

ಉತ್ತರ ಅಮೇರಿಕಾ ಖಂಡದಲ್ಲಿ ಒಹಾಯೊ ಎಂಬ ಮಹಾನದಿಯನ್ನು ಮಸ್ಕಿಂಗಮ್ ನದಿಯು ಬಂದು ಕೂಡುವ ಸಂಗಮಸ್ಥಾನದಲ್ಲಿ ಮರಿಯೆಟ್ಟಾ ಎಂಬ ಚಿಕ್ಕ ಪಟ್ಟಣವೊಂದುಂಟು. ಅಲ್ಲಿಯ ರುದ್ರಭೂಮಿಯ ನಡುವೆ ಸುಮಾರು 30 ಅಡಿ ಎತ್ತರದ ದುಂಡನೆಯ ಮಣ್ಣಿನ ದಿಬ್ಬವಿದ್ದು, ಅದರ ಸುತ್ತಲೂ ಕಂದಕವಿದೆ. ಆ ದೇಶದ ಮೂಲನಿವಾಸಿಗಳ ಪೂರ್ವಿಕರು ಎಷ್ಟೋ ಶತಮಾನಗಳ ಹಿಂದೆ ತಲೆಹೊರೆಯಿಂದ ಮಣ್ಣು ಹೊತ್ತು ತಂದು ಕಟ್ಟಿದ ಸ್ಮಾರಕವದು. ಆ ದಿಬ್ಬದ ಸನಿಹದಲ್ಲಿಯೇ ಬ್ರಿಗೇಡಿಯರ್ ಜನರಲ್ ರೂಫಸ್ ಪಟ್ನಮನ ಸಮಾಧಿಯಿದೆ. ಪಟ್ಟಣವನ್ನು ಕಟ್ಟಿಸಿದವನೂ, ಕಟ್ಟಿಸುವಾಗ ಆ ದಿಬ್ಬವನ್ನು ಅಗೆಯದೆ ಉಳಿಸಿದವರಲ್ಲಿ ಮುಖ್ಯನೂ ಅವನೇ. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಒಬ್ಬ ಅನಾಥ ಬಾಲಕನು ಸೇನೆಯ ಇಂಜಿನಿಯರನಾಗಿ, ಕಾಡು ಕಡಿದು ಊರು ಕಟ್ಟಿದವನಾಗಿ, ನ್ಯಾಯಾಧೀಶನಾಗಿ, ರಾಷ್ಟ್ರದ ಮಹಾಮೋಜಣಿದಾರನಾಗಿ ಬಾಳಿದ ಬಗೆಯು ತಿಳಿಯತಕ್ಕದ್ದಾಗಿದೆ.

ಪಟ್ನಮನು ಮಸಾಚ್ಯುಸೆಟ್ಸ್ ಪ್ರಾಂತದ ಸಟ್ಟನ್ ಎಂಬ ಗ್ರಾಮದಲ್ಲಿ ಕ್ರಿ. ಶ. 1738ನೆಯ ಇಸವಿ ಎಪ್ರಿಲ್ 9ರಂದು ಹುಟ್ಟಿದನು. ಆಗ ಆ ಪ್ರಾಂತವು ಇಂಗ್ಲೆಂಡಿನ ಅರಸನ ಆಳಿಕೆಗೆ ಒಳಪಟ್ಟಿತ್ತು. ಹುಡುಗನಿಗೆ ಏಳು ವರ್ಷ ತುಂಬುತ್ತಿದ್ದಾಗಲೇ ತಂದೆಯು ತೀರಿಕೊಂಡನು. ಕೆಲಕಾಲ ತಾತನ ಆಶ್ರಯದಲ್ಲಿದ್ದು ಶಾಲೆಗೆ ಹೋದುದುಂಟು. ಅಷ್ಟರಲ್ಲಿ ತಾಯಿಯು ಜಾನ್ ಸ್ಯಾಡ್ಲರ್ ಎಂಬುವನನ್ನು ಮರುಮದುವೆಯಾದಳು. ಈ ಮಲತಂದೆಯು ದಾರಿಹೋಕರಿಗೆ ಇಳಿದುಕೊಳ್ಳಲು ಎಡೆಯನ್ನೂ ಪಾನವನ್ನೂ ಒದಗಿಸುವ ಮನೆಯನ್ನಿಟ್ಟುಕೊಂಡಿದ್ದನು. ತಾನು ನಿರಕ್ಷರಿ. ಓದುವವರನ್ನು ಕಂಡರೆ ನಗುವ ಸ್ವಭಾವ. ಹುಡುಗನನ್ನು ಶಾಲೆಗೆ ಕಳುಹಿಸುವುದಂತಿರಲಿ, ರಾತ್ರಿ ಓದಿಕೊಳ್ಳಲು ದೀಪವನ್ನು ಸಹ ಕೊಡುತ್ತಿರಲಿಲ್ಲ.

ಬಂದವರ ಕುದುರೆ ಹಿಡಿದು, ಸಾಮಾನು ಹೊತ್ತು, ಅವರು ಕೈಯಲ್ಲಿಟ್ಟು ಹೋದ ಬಿಡಿಕಾಸುಗಳನ್ನು ರೂಫಸನು ಕೂಡಿಹಾಕಿದನು. ಆ ಕಾಸಿನಿಂದ ಮದ್ದುಗುಂಡು ಕೊಂಡು, ಹಳೆಯದೊಂದು ಬಂದೂಕಿನಿಂದ ಗೌಜಲ ಹಕ್ಕಿಗಳನ್ನು ಹೊಡೆದು ಮಾರಿದನು. ಮಾರಿ ಬಂದ ಹಣದಲ್ಲಿ ಒಂದು ಅಕ್ಷರಪುಸ್ತಕವನ್ನೂ ಒಂದು ಅಂಕಗಣಿತವನ್ನೂ ತಂದುಕೊಂಡನು. ಗುರುವಿಲ್ಲದೆ ಅಂಕಗಣಿತವು ಅಷ್ಟಿಷ್ಟು ಬಂದಿತು. ಕಾಗುಣಿತವು ಮಾತ್ರ ಕಡೆಯವರೆಗೂ ನೆಟ್ಟಗಾಗಲಿಲ್ಲ. ಮುಪ್ಪಿನಲ್ಲಿ ತನ್ನ ಸಂತತಿಯವರಿಗಾಗಿ ಬರೆದಿಟ್ಟ ಆತ್ಮವೃತ್ತಾಂತದಲ್ಲಿಯೂ ಸಾಲುಸಾಲಿಗೆ ಅಕ್ಷರದೋಷಗಳಿವೆ, ಮತ್ತು ಅದಕ್ಕಾಗಿ ಆತನು ನಾಚಿಕೊಂಡದ್ದೂ ಇದೆ. 1754ರಲ್ಲಿ, 16ನೆಯ ವಯಸ್ಸಿನಲ್ಲಿ, ನೀರಿನಿಂದ ತಿರುಗುವ ಗಿರಣಿಗಳನ್ನು ಕಟ್ಟುವ ಬಡಗಿಯೊಬ್ಬನ ಹತ್ತಿರ ಕೆಲಸ ಕಲಿಯಲು ನಿಂತನು. ಆ ಒಡೆಯನೂ ಶಾಲೆಗೆ ಕಳುಹಿಸಲಿಲ್ಲ. ಆದರೆ ಚಳಿಗಾಲದ ರಾತ್ರಿಗಳಲ್ಲಿ ದೀಪವನ್ನು ಮಾತ್ರ ಬೇಡವೆನ್ನಲಿಲ್ಲ. ಹುಡುಗನಿಗೆ ಅಷ್ಟೇ ಸಾಕಾಗಿತ್ತು. ಹಲ್ಲುಚಕ್ರಗಳ ಲೆಕ್ಕ, ಮರದ ಅಳತೆ, ನೀರಿನ ಇಳಿಜಾರು, ಒಡ್ಡಿನ ಬಲ, ಇವೆಲ್ಲ ಕೈಯಿಂದಲೇ ಕಲಿತ ಗಣಿತವಾದವು.

ಮುಂದೆ ಇಂಗ್ಲಿಷರಿಗೂ ಫ್ರೆಂಚರಿಗೂ ಅಮೇರಿಕೆಯಲ್ಲಿ ಯುದ್ಧ ನಡೆದಾಗ, 1757ರಲ್ಲಿ, ಪಟ್ನಮನು ಸಿಪಾಯಿಯಾಗಿ ಸೇರಿದನು. ಮರುವರ್ಷದ ಫೆಬ್ರುವರಿಯಲ್ಲಿ ಸೇವೆಯ ಅವಧಿಯು ಮುಗಿದರೂ ಬಿಡುಗಡೆಯಾಗದ್ದರಿಂದ, ಸುಮಾರು 70 ಜನರ ಅವನ ತಂಡವು ತಮ್ಮ ನಾಯಕನೊಂದಿಗೆ ಹಿಮಪಾದುಕೆಗಳನ್ನು ಕಟ್ಟಿಕೊಂಡು ಊರ ಕಡೆಗೆ ಹೊರಟಿತು. ದಾರಿ ತಪ್ಪಿತು. ಬುತ್ತಿ ತೀರಿತು. ಎದೆಮಟ್ಟದ ಹಿಮದಲ್ಲಿ ಹಸಿವೆಯಿಂದ ಸೊರಗಿ, ಕಡೆಗೆ ಜೊತೆಯಲ್ಲಿ ಬಂದಿದ್ದ ನಾಯಿಯನ್ನು ಕೊಂದು ಹಂಚಿಕೊಂಡು ಜೀವ ಹಿಡಿದುಕೊಂಡರು. ಇಷ್ಟಾದರೂ ಆತನು ಮತ್ತೆ ಮತ್ತೆ ದಂಡಿಗೆ ಹೋದನು. 1759ರಲ್ಲಿ ಟೈಕಾಂಡೆರೋಗಾ ಎಂಬಲ್ಲಿ ಇವನು ಗಿರಣಿ ಬಲ್ಲವನೆಂದು ಅಧಿಕಾರಿಗಳು ಸಾಲಿನಿಂದ ಎಳೆದು ಮರ ಕೊಯ್ಯುವ ಗಿರಣಿಯ ಕೆಲಸಕ್ಕೆ ಹಚ್ಚಿದರು. ಹೆಚ್ಚಿನ ಕೂಲಿಯ ಮಾತು ಕೊಟ್ಟಿದ್ದರು. ಆ ಕೂಲಿ ಕೈಸೇರಲಿಲ್ಲ. ಬಡಗಿಯ ಮನಸ್ಸಿನಲ್ಲಿ ಇದು ಬಹುಕಾಲ ಉಳಿಯಿತು.

ಯುದ್ಧವು ಮುಗಿದ ಮೇಲೆ ಬ್ರೂಕ್‌ಫೀಲ್ಡ್ ಸೀಮೆಯಲ್ಲಿ ಗಿರಣಿಗಳನ್ನು ಕಟ್ಟುತ್ತ, ಒಕ್ಕಲುತನ ಮಾಡುತ್ತ, ಮೋಜಣಿಯ ವಿದ್ಯೆಯನ್ನು ಸ್ವಂತವಾಗಿ ಕಲಿತನು. 1761ರಲ್ಲಿ ಮದುವೆಯಾದ ಮೊದಲ ಹೆಂಡತಿಯು ಅದೇ ವರ್ಷ ಹೆರಿಗೆಯ ಬೇನೆಯಲ್ಲಿ ಗತಿಸಿದಳು. ಕೂಸೂ ಬಹಳ ಕಾಲ ಉಳಿಯಲಿಲ್ಲ. 1765ರಲ್ಲಿ ಪರ್ಸಿಸ್ ರೈಸ್ ಎಂಬವಳನ್ನು ವರಿಸಿದನು. ಆ ಸಾಧ್ವಿಯು 55 ವರ್ಷಗಳ ಕಾಲ ಅವನ ಸಹಧರ್ಮಿಣಿಯಾಗಿದ್ದಳು. ಗಂಡನು ಎಂಟು ವರ್ಷ ರಣರಂಗದಲ್ಲಿದ್ದಾಗ ಹೊಲಮನೆ ಮಕ್ಕಳುಮರಿಗಳ ಭಾರವೆಲ್ಲ ಅವಳ ಹೆಗಲಮೇಲೆ ಬಿದ್ದಿತ್ತು.

1773ರಲ್ಲಿ ಹಳೆಯ ಯೋಧರಿಗೆ ಅರಸನು ಭೂಮಿ ಕೊಡುವನೆಂಬ ಆಶೆಯಿಂದ ಪಟ್ನಮನು ಇತರರೊಡನೆ ಹಡಗು ಹತ್ತಿ ಫ್ಲಾರಿಡಾಕ್ಕೆ ಹೋಗಿ, ಮಿಸಿಸಿಪಿ ನದಿಯ ತೀರದ ನಕ್ಷೆಗಳನ್ನು ಬರೆದು ತಂದನು. ಬರೆದದ್ದೇ ಬಂದಿತು. ಅರಸನ ಹೊಸ ಅಪ್ಪಣೆಯಿಂದ ಭೂದಾನವು ನಿಂತುಹೋಯಿತು.

1775ರಲ್ಲಿ ವಸಾಹತುಗಳು ಇಂಗ್ಲೆಂಡಿಗೆ ತಿರುಗಿಬಿದ್ದವು. ಬೋಸ್ಟನ್ ನಗರದಲ್ಲಿ ಇಂಗ್ಲಿಷ್ ಸೇನೆ, ಸುತ್ತಲೂ ವಾಶಿಂಗ್ಟನ್ನನ ಸೇನೆ. ಈ ಸೇನೆಯಲ್ಲಿ ರೈತರು, ಬಡಗಿಗಳು, ಕಮ್ಮಾರರು ಬೇಕಾದಷ್ಟಿದ್ದರು; ದುರ್ಗರಚನೆ ಬಲ್ಲವರು ತೀರ ಕಡಮೆ. ಲೆಫ್ಟೆನೆಂಟ್ ಕರ್ನಲನಾಗಿದ್ದ ಪಟ್ನಮನಿಗೆ ಮೋರ್ಚೆಗಳನ್ನು ಗುರುತು ಮಾಡಲು ಹೇಳಿದಾಗ, ತಾನು ಶಾಸ್ತ್ರವನ್ನು ಓದಿದವನಲ್ಲವೆಂದು ಅವನು ಮರೆಮಾಚದೆ ತಿಳಿಸಿದನು. ಆದರೂ ಅದನ್ನು ಮಾಡಬೇಕಾಯಿತು. ಮಾಡಿದ ಕೆಲಸವು ನಿಂತಿತು.

1776ರ ಚಳಿಗಾಲದಲ್ಲಿ ಬಂದ ಪ್ರಸಂಗವು ಇದಕ್ಕಿಂತ ಕಠಿಣವಾದುದು. ನಗರದ ದಕ್ಷಿಣಕ್ಕಿರುವ ಡಾರ್ಚೆಸ್ಟರ್ ಗುಡ್ಡಗಳನ್ನು ಹಿಡಿದರೆ ಬಂದರವೂ ಹಡಗುಗಳೂ ತೋಫಿನ ಬಾಯಿಗೆ ಸಿಕ್ಕುವುವು. ಆದರೆ ಹಗಲಿನಲ್ಲಿ ಅಲ್ಲಿ ಅಗೆಯುವಂತಿಲ್ಲ, ಶತ್ರುವಿನ ಗುಂಡು ಬೀಳುತ್ತದೆ. ಒಂದೇ ರಾತ್ರಿಯಲ್ಲಿ ಮುಗಿಸೋಣವೆಂದರೆ ನೆಲವು ಒಂದೂವರೆ ಅಡಿಯ ಆಳದವರೆಗೂ ಹೆಪ್ಪುಗಟ್ಟಿ ಕಲ್ಲಾಗಿದೆ. ಗುದ್ದಲಿ ಇಳಿಯದ ನೆಲದಲ್ಲಿ ಮೋರ್ಚೆ ಹೇಗೆ? ವಾಶಿಂಗ್ಟನ್ನನು ಇದನ್ನು ಪಟ್ನಮನ ಮುಂದಿಟ್ಟು ಆಲೋಚಿಸಲು ಹೇಳಿ ಕಳುಹಿಸಿದನು. ಬಿಡಾರಕ್ಕೆ ಹಿಂದಿರುಗುವ ದಾರಿಯಲ್ಲಿ ಪಟ್ನಮನು ಜನರಲ್ ಹೀಥನ ಮನೆಗೆ ಹೊಕ್ಕನು. ಅಲ್ಲಿ ಮೇಜಿನ ಮೇಲೆ ಮುಲ್ಲರ್ ಎಂಬ ಪಂಡಿತನ ಹೆಸರಿದ್ದ ದುರ್ಗಶಾಸ್ತ್ರದ ಗ್ರಂಥವೊಂದು ಕಣ್ಣಿಗೆ ಬಿತ್ತು. ಎರವಲು ಕೇಳಿದನು. ಹೀಥನು ಪುಸ್ತಕಗಳನ್ನು ಯಾರಿಗೂ ಕೊಡುವವನಲ್ಲ, ಕೊಡೆನೆಂದನು. ದೀಪವಿಲ್ಲದ ಮನೆಯಲ್ಲಿ ಕಾಸು ಕೂಡಿಸಿ ಅಂಕಗಣಿತ ಕೊಂಡವನು ಒಂದು ಸಲ ಇಲ್ಲವೆಂದುದಕ್ಕೆ ಏಳುವನೇ? ಹಠ ಹಿಡಿದು ಕುಳಿತು ಪುಸ್ತಕವನ್ನು ಪಡೆದೇ ಎದ್ದನು.

ಮರುದಿನ ಬೆಳಿಗ್ಗೆ ಹಾಳೆಗಳನ್ನು ತಿರುವುತ್ತಿರುವಾಗ ಅವನು ಎಂದೂ ಕೇಳದ ಒಂದು ಹೆಸರು ಸಿಕ್ಕಿತು. ಭಾರವಾದ ಮರದ ಚೌಕಟ್ಟುಗಳನ್ನು ಬೇರೊಂದು ಕಡೆ ಸಿದ್ಧಪಡಿಸಿ ತಂದು, ನೆಲವನ್ನು ಅಗೆಯದೆ ಮೇಲೆಯೇ ನಿಲ್ಲಿಸಿ, ನಡುವೆ ಕಟ್ಟಿಗೆಯ ಕಂತೆಗಳನ್ನೂ ಬಿಗಿದ ಹುಲ್ಲಿನ ಹೊರೆಗಳನ್ನೂ ತುಂಬುವ ಯುಕ್ತಿಯದು. ಗಿರಣಿಯ ಬಡಗಿಗೆ ಚೌಕಟ್ಟೆಂದರೆ ಹೊಸದೇ? ಒಡನೆಯೇ ನಕ್ಷೆ ಮಾಡಿ ವಾಶಿಂಗ್ಟನ್ನನಿಗೆ ಒಪ್ಪಿಸಿದನು. ಮಾರ್ಚಿ 4ರ ರಾತ್ರಿ ನೂರಾರು ಎತ್ತಿನ ಬಂಡಿಗಳು ಸದ್ದಾಗದಂತೆ ಸಾಮಗ್ರಿಯನ್ನು ಗುಡ್ಡಕ್ಕೆ ಏರಿಸಿದವು. ಬೆಳಕು ಹರಿಯುವಷ್ಟರಲ್ಲಿ ಗುಡ್ಡದ ನೆತ್ತಿಯ ಮೇಲೆ ಕೋಟೆಗಳು ನಿಂತಿದ್ದವು. ಮಾರ್ಚಿ 17ರಂದು ಇಂಗ್ಲಿಷ್ ಸೇನೆಯು ಹಡಗು ಹತ್ತಿ ಬೋಸ್ಟನ್ ನಗರವನ್ನು ಬಿಟ್ಟು ಹೋಯಿತು.

ಅದೇ ವರ್ಷದ ಆಗಸ್ಟಿನಲ್ಲಿ ಕಾಂಗ್ರೆಸ್ ಸಭೆಯು ಅವನನ್ನು ಕರ್ನಲ್ ಪದವಿಯ ಇಂಜಿನಿಯರನನ್ನಾಗಿ ನೇಮಿಸಿತು. ಫ್ರಾನ್ಸಿನಿಂದ ಬಂದ ಶಾಸ್ತ್ರಜ್ಞರಿಗಿಂತ ಕೆಲಸದಲ್ಲಿ ಈತನೇ ಮೇಲೆಂಬುದು ವಾಶಿಂಗ್ಟನ್ನನ ಅಭಿಪ್ರಾಯವಾಗಿತ್ತು. ಇಂಜಿನಿಯರರದೇ ಆದ ಪ್ರತ್ಯೇಕ ದಳವನ್ನು ಕಟ್ಟಬೇಕೆಂದು ಪಟ್ನಮನು ಸೂಚಿಸಿದನು. ಅದು ಆಗ ಕೈಗೂಡಲಿಲ್ಲ. ವರ್ಷಾಂತ್ಯದಲ್ಲಿ ಆ ಪದವಿಯನ್ನು ಬಿಟ್ಟು ಮಸಾಚ್ಯುಸೆಟ್ಸಿನ ಪದಾತಿದಳವೊಂದರ ನಾಯಕತ್ವವನ್ನು ವಹಿಸಿ, 1777ರ ಸರಟೋಗಾ ರಣದಲ್ಲಿ ಪಾಲ್ಗೊಂಡನು. ಮರುವರ್ಷ ಹಡ್ಸನ್ ನದಿಯ ಮೇಲಣ ವೆಸ್ಟ್ ಪಾಯಿಂಟ್ ಎಂಬಲ್ಲಿ ಅವನ ದಳದವರು ಕಟ್ಟಿದ ಗಿರಿದುರ್ಗಕ್ಕೆ ಪಟ್ನಮ್ ಕೋಟೆಯೆಂದೇ ಹೆಸರಾಯಿತು. ಜೀರ್ಣೋದ್ಧಾರಗೊಂಡು ಅದು ಇಂದಿಗೂ ನಿಂತಿದೆ. 1783ರ ಜನವರಿಯಲ್ಲಿ ಬ್ರಿಗೇಡಿಯರ್ ಜನರಲ್ ಪದವಿಯು ದೊರೆಯಿತು.

ಸ್ವಾತಂತ್ರ್ಯವು ಬಂದಿತು, ಸಂಬಳವು ಬರಲಿಲ್ಲ. ಎಂಟು ವರ್ಷ ಹೋರಾಡಿದವರ ಕೈಗೆ ಸರಕಾರವು ಕಾಗದದ ಸಾಲಪತ್ರಗಳನ್ನು ಕೊಟ್ಟಿತ್ತು. ಪೇಟೆಯಲ್ಲಿ ಅವುಗಳಿಗೆ ಬರೆದ ಬೆಲೆಯ ಒಂದು ಸಣ್ಣ ಪಾಲೂ ಸಿಕ್ಕುತ್ತಿರಲಿಲ್ಲ. 1783ರಲ್ಲಿ 288 ಅಧಿಕಾರಿಗಳು ಒಹಾಯೊ ನದಿಯ ಉತ್ತರದಲ್ಲಿ ಭೂಮಿ ಬೇಡಿ ಅರ್ಜಿಯನ್ನು ಬರೆದರು. ಪಟ್ನಮನು ಅದಕ್ಕೆ ಒತ್ತಾಸೆಯಾಗಿ ವಾಶಿಂಗ್ಟನ್ನನಿಗೆ ಒಂದು ದೀರ್ಘ ಪತ್ರವನ್ನು ಕಳುಹಿಸಿದನು. ಭೂಮಿಯನ್ನು ಆರು ಮೈಲಿ ಚೌಕದ ಊರುಗಳಾಗಿ ಹಂಚಬೇಕು, ಪ್ರತಿ ಊರಿನಲ್ಲಿ ಧರ್ಮಕ್ಕೂ ಶಾಲೆಗೂ ಜಮೀನು ಮೀಸಲಿರಬೇಕು ಎಂಬ ವಿಚಾರವು ಅದರಲ್ಲಿದೆ. ಶಾಲೆ ಕಾಣದವನು ಬರೆದ ಪತ್ರವಿದು. ಅರ್ಜಿಯು ಮೂರು ವರ್ಷ ಹಾಗೆಯೇ ಬಿದ್ದಿತ್ತು.

1786ರ ಜನವರಿಯಲ್ಲಿ, ಒಹಾಯೊ ಸೀಮೆಯ ಮೋಜಣಿಗೆಂದು ಹೋಗಿದ್ದ ಅವನ ಹಳೆಯ ಸಂಗಡಿಗ ಬೆಂಜಮಿನ್ ಟಪ್ಪರನು ಹಿಂದಿರುಗಿ ರಟ್‌ಲೆಂಡ್ ಎಂಬ ಊರಿನಲ್ಲಿದ್ದ ಪಟ್ನಮನ ಮನೆಗೆ ಬಂದನು. ಇಬ್ಬರೂ ಬೆಂಕಿಯ ಮುಂದೆ ರಾತ್ರಿಯೆಲ್ಲ ಮಾತಾಡಿ, ಹಳೆಯ ಯೋಧರಿಗೆಲ್ಲ ಒಂದು ಬಿನ್ನಹವನ್ನು ಸಿದ್ಧಮಾಡಿದರು. ಮಾರ್ಚಿ 1ರಂದು ಬೋಸ್ಟನ್ನಿನಲ್ಲಿ ಒಹಾಯೊ ಕಂಪನಿಯು ಹುಟ್ಟಿತು. ಮನಾಸೆ ಕಟ್ಲರ್ ಎಂಬ ವಿದ್ವಾಂಸನಾದ ಪಾದ್ರಿಯು ಕಾಂಗ್ರೆಸ್ಸಿನೊಡನೆ ವ್ಯವಹರಿಸಿ ಸುಮಾರು 15 ಲಕ್ಷ ಎಕರೆಯ ಕರಾರನ್ನು ದೊರಕಿಸಿದನು. ಹಣದ ಅಡಚಣೆಯಿಂದ ಅಷ್ಟೂ ಭೂಮಿ ಕಡೆಗೂ ಕೈಸೇರಲಿಲ್ಲವೆಂಬುದು ಬೇರೆ ಮಾತು. ಆ ಸೀಮೆಯ ಆಡಳಿತಕ್ಕಾಗಿ 1787ರ ಜುಲೈ 13ರಂದು ಆದ ಕಾಯಿದೆಯಲ್ಲಿ ಗುಲಾಮಗಿರಿಯನ್ನು ನಿಷೇಧಿಸಲಾಗಿತ್ತು. ವಸಾಹತಿನ ಮೇಲ್ವಿಚಾರಣೆಗೆ ಪಟ್ನಮನನ್ನು ಆರಿಸಿದರು. ಆಗ ಅವನಿಗೆ ಐವತ್ತರ ಹತ್ತಿರ ವಯಸ್ಸು.

1788ನೆಯ ಇಸವಿಯ ಮೊದಲ ದಿನ ಅವನ ತಂಡವು ಹಾರ್ಟ್‌ಫರ್ಡ್ ಊರಿನಿಂದ ಹೊರಟಿತು. ಮೊದಲಿನ ತಂಡವು ಒಂದು ತಿಂಗಳ ಮುಂಚೆಯೇ ಹೋಗಿತ್ತು. ಬೆಟ್ಟಗಳಲ್ಲಿ ಹಿಮ ಬಿದ್ದು ಬಂಡಿಗಳು ನಡೆಯದೆ, ಜಾರುಬಂಡಿಗಳನ್ನು ಮಾಡಿಕೊಂಡು ಸಾಗಿದರು. ಯಾಕಿಯಗೇನಿ ಎಂಬ ನದಿಯ ದಡದಲ್ಲಿ ಮರ ಕಡಿದು ದೋಣಿಗಳನ್ನು ಕಟ್ಟಿದರು. ಎಪ್ರಿಲ್ 7ರಂದು ಮಳೆ ಮಬ್ಬುಗಳ ನಡುವೆ ಮಸ್ಕಿಂಗಮ್ ನದಿಯ ಮುಖವು ಕಾಣದೆ ದೋಣಿಯು ಮುಂದಕ್ಕೆ ತೇಲಿಹೋಯಿತು. ಅಲ್ಲಿದ್ದ ಹಾರ್ಮರ್ ಕೋಟೆಯ ಸಿಪಾಯಿಗಳು ಹಗ್ಗ ಹಾಕಿ ಎಳೆದು ತಂದರು. ಹೀಗೆ ಬಂದಿಳಿದವರು 48 ಜನ. ಫ್ರಾನ್ಸಿನ ರಾಣಿ ಮರೀ ಆಂಟ್ವನೆಟ್ ಎಂಬವಳ ನೆನಪಿಗಾಗಿ ಊರಿಗೆ ಮರಿಯೆಟ್ಟಾ ಎಂದು ಹೆಸರಿಟ್ಟರು.

ಪಟ್ನಮನು ಮೊದಲು ಮಾಡಿಸಿದ್ದು ಊರಿನ ರಕ್ಷಣೆ. ಪ್ರತಿ ಪಕ್ಕಕ್ಕೆ 180 ಅಡಿ, ನಾಲ್ಕು ಮೂಲೆಗೆ ನಾಲ್ಕು ಬುರುಜು, ಗೋಡೆಗಳೇ ಮನೆಗಳು. ಆ ವರ್ಷದ ಸಪ್ಟೆಂಬರ 2ರಂದು ಆ ಸೀಮೆಯ ಮೊದಲ ದಿವಾಣಿ ನ್ಯಾಯಾಲಯವು ಅಲ್ಲಿಯೇ ಕೂಡಿತು. ಪಟ್ನಮನೂ ಟಪ್ಪರನೂ ನ್ಯಾಯಾಧೀಶರಾಗಿ ಕುಳಿತರು. ಊರಿನ ಜಾಗದಲ್ಲಿ ದಿಬ್ಬ, ಮಣ್ಣಿನ ಜಗಲಿ, ಕೋಟೆಗೋಡೆಗಳಂತಹ ಪ್ರಾಚೀನ ರಚನೆಗಳು ಹಬ್ಬಿಕೊಂಡಿದ್ದವು. ಕಟ್ಲರನು ಅವುಗಳ ಮೇಲೆ ಬೆಳೆದ ಮರವೊಂದನ್ನು ಕಡಿಸಿ ಉಂಗುರಗಳನ್ನೆಣಿಸಿ, ಮರಕ್ಕೇ 400ಕ್ಕೂ ಮಿಕ್ಕು ವರ್ಷಗಳಾಗಿವೆಯೆಂದು ಕಂಡನು. ಪಟ್ನಮನು ಆ ರಚನೆಗಳನ್ನು ಅಳೆದು ನಕ್ಷೆ ಬರೆದನು. ಕಂಪನಿಯವರು ಅವನ್ನು ಸಾರ್ವಜನಿಕ ಸ್ಥಳಗಳಾಗಿ ಮೀಸಲಿಟ್ಟರು. ನೆಲವನ್ನು ಸಮ ಮಾಡುವುದೇ ಕಸುಬಾದವನು ಇಲ್ಲಿ ಕೈ ತಡೆದನು. ಮುಂದಿನ ತಲೆಮಾರಿನವರು ನದಿಯ ಕಡೆಯ ಗೋಡೆಗಳ ಮಣ್ಣನ್ನು ಇಟ್ಟಿಗೆಗಾಗಿ ಒಯ್ದರು. ದಿಬ್ಬವು ಉಳಿದಿದೆ.

ಹಳೆಯ ಮಣ್ಣಿಗೆ ತೋರಿದ ಈ ಮರ್ಯಾದೆಯು ಬದುಕಿದ್ದ ಜನಕ್ಕೆ ಸಿಕ್ಕಿತೇ ಎಂದು ಕೇಳುವುದು ನ್ಯಾಯವೇ ಆಗಿದೆ. ಡೆಲವೇರ್, ಶಾನೀ, ವಯಂಡಾಟ್ ಮೊದಲಾದ ಜನಾಂಗಗಳು ಆ ಕಾಡುಗಳಲ್ಲಿ ಬೇಟೆಯಾಡಿ ಬೆಳೆ ತೆಗೆದು ಬಾಳಿದ್ದವು. ವಸಾಹತಿನವರು ಬಂದಿಳಿದ ದಿನ ಡೆಲವೇರರ ಮುಖ್ಯನೊಬ್ಬನು ಅವರನ್ನು ಸ್ನೇಹದಿಂದಲೇ ಕಂಡನು. ಸರಕಾರವು ಒಡಂಬಡಿಕೆಗಳನ್ನು ತೋರಿಸಿ ನೆಲ ತನ್ನದೆನ್ನುತ್ತಿತ್ತು; ಬಹುಜನ ಮೂಲನಿವಾಸಿಗಳು ಅವನ್ನು ಒಪ್ಪಿರಲಿಲ್ಲ, ಒಪ್ಪಿದವರಿಗೂ ಬೇರೆ ದಾರಿಯಿರಲಿಲ್ಲ. ಪಟ್ನಮನು ಕಾಂಗ್ರೆಸ್ಸಿನ ಕಾಗದವನ್ನು ನಂಬಿ ಬಂದವನು. ನಂಬಿಕೆಯು ಪ್ರಾಮಾಣಿಕವೆಂದ ಮಾತ್ರಕ್ಕೆ ಕಾಗದವು ನಿರ್ದೋಷವಾಗುವುದಿಲ್ಲ.

1789ರ ಹಿಮವು ಮುಸುಕಿನ ಜೋಳದ ಬೆಳೆಯನ್ನು ಹಣ್ಣಾಗುವ ಮೊದಲೇ ಸುಟ್ಟಿತು. ಮರುವರ್ಷ ಬರ, ಅದರೊಡನೆ ಸಿಡುಬು. ನದಿಯಾಚೆಯ ಐಸಾಕ್ ವಿಲಿಯಮ್ಸ್ ಎಂಬ ಒಕ್ಕಲಿಗನು ತನ್ನ ಕಣಜದ ಜೋಳಕ್ಕೆ ವ್ಯಾಪಾರಿಗಳು ಎರಡರಷ್ಟಕ್ಕಿಂತ ಹೆಚ್ಚು ಬೆಲೆ ಹೇಳಿದರೂ ಮಾರದೆ, ಮನೆಯಲ್ಲಿರುವ ತಲೆಗಳನ್ನೆಣಿಸಿ ಹಳೆಯ ಬೆಲೆಗೆ ವಸಾಹತಿನವರಿಗೆ ಅಳೆದುಕೊಟ್ಟನು. ಆ ಕ್ಷಾಮದ ವರ್ಷವೇ ಪರ್ಸಿಸಳು ಮಕ್ಕಳೊಡನೆ ಬಂದು ಸೇರಿದಳು. 1791ರ ಜನವರಿ 2ರ ಸಂಜೆ, ಊರಿನಿಂದ ಸುಮಾರು 30 ಮೈಲಿಯ ಮೇಲಿದ್ದ ಬಿಗ್ ಬಾಟಮ್ ಎಂಬ ಹೊಸ ನೆಲೆಯ ಮೇಲೆ ಮೂಲನಿವಾಸಿಗಳು ಬಿದ್ದು 12ಕ್ಕೆ ಕಡಮೆಯಿಲ್ಲದಷ್ಟು ಜನರನ್ನು, ಹೆಂಗಸು ಮಕ್ಕಳೆನ್ನದೆ, ಕೊಂದರು. ಪಟ್ನಮನು ವಾಶಿಂಗ್ಟನ್ನನಿಗೆ ಸಹಾಯ ಬೇಡಿ ಬರೆದು, ಚದರಿದ್ದವರನ್ನೆಲ್ಲ ಕೋಟೆಗಳೊಳಕ್ಕೆ ಕರೆಸಿಕೊಂಡನು. ನಾಲ್ಕು ವರ್ಷ ಜನರು ಬಂದೂಕು ಪಕ್ಕಕ್ಕಿಟ್ಟು ಉತ್ತರು.

ಈ ನಡುವೆ, 1792ರಲ್ಲಿ, ಸರಕಾರವು ಅವನನ್ನು ವಾಬಾಶ್ ನದಿಯ ಜನಾಂಗಗಳೊಡನೆ ಸಂಧಿ ಮಾಡಲು ಕಳುಹಿಸಿತು. ಹೆಕ್‌ವೆಲ್ಡರ್ ಎಂಬ ಮಿಶನರಿಯು ಜೊತೆಯಲ್ಲಿದ್ದನು. ಸೇನೆಯವರು ಸೆರೆಹಿಡಿದಿದ್ದ ಆ ಜನರ ಹೆಂಗಸರು ಮಕ್ಕಳನ್ನು ಪಟ್ನಮನು ಬಿಡಿಸಿ ತನ್ನೊಡನೆ ಕರೆತಂದು ವಿನ್‌ಸೆನ್ಸ್ ಎಂಬಲ್ಲಿ ಬಂಧುಗಳಿಗೊಪ್ಪಿಸಿದನು. ಸಪ್ಟೆಂಬರ 27ರಂದು ಆದ ಸಂಧಿಯಲ್ಲಿ, ಅವರ ನ್ಯಾಯವಾದ ಭೂಮಿಯು ಅವರದೇ, ಮಾರುವುದೂ ಮಾರದಿರುವುದೂ ಅವರ ಇಚ್ಛೆ ಎಂದು ಸ್ಪಷ್ಟವಾಗಿ ಬರೆಯಲಾಯಿತು. ರಾಷ್ಟ್ರದ ಸೆನೆಟ್ ಸಭೆಯು ಆ ಸಂಧಿಯನ್ನು ಒಪ್ಪಲಿಲ್ಲ. ರಾಜಧಾನಿಗೆ ಹೋದ ಅವರ ಮುಖ್ಯರಲ್ಲಿ ಹಲವರು ಸಿಡುಬಿನಿಂದ ಅಲ್ಲಿಯೇ ಸತ್ತರು. ಪಟ್ನಮನ ಬಾಳಿನಲ್ಲಿ ಇದಕ್ಕಿಂತ ದುಃಖಕರವಾದ ಸೋಲು ಬೇರೊಂದಿಲ್ಲ. 1794ರ ಯುದ್ಧದಲ್ಲಿ ಮೂಲನಿವಾಸಿಗಳು ಸೋತರು. 1795ರ ಗ್ರೀನ್‌ವಿಲ್ ಒಡಂಬಡಿಕೆಯಿಂದ ಒಹಾಯೊ ಸೀಮೆಯ ಬಹುಭಾಗವು ಅವರ ಕೈಬಿಟ್ಟಿತು.

1796ರಲ್ಲಿ ವಾಶಿಂಗ್ಟನ್ನನು ಪಟ್ನಮನನ್ನು ರಾಷ್ಟ್ರದ ಮಹಾಮೋಜಣಿದಾರನನ್ನಾಗಿ ನೇಮಿಸಿದನು. ದಿಕ್ಸೂಚಿ ಮತ್ತು ಸರಪಳಿಯಿಂದಾಗುವ ಕೆಲಸವನ್ನು ಏಳು ವರ್ಷ ನಡೆಸಿದನು. ನಕ್ಷತ್ರಗಳನ್ನು ನೋಡಿ ಅಕ್ಷಾಂಶ ರೇಖಾಂಶಗಳನ್ನು ಕಟ್ಟುವ ಗಣಿತವು ಅವನಲ್ಲಿರಲಿಲ್ಲ. ಕೆಲವು ರೇಖೆಗಳು ಕೂಡದೆ ಹೋದವು. 1803ರಲ್ಲಿ ಅಧ್ಯಕ್ಷ ಜೆಫರ್ಸನ್ನನು ಅವನನ್ನು ತೆಗೆದು, ವೆಸ್ಟ್ ಪಾಯಿಂಟಿನ ಗಣಿತಪಂಡಿತ ಜೆರೆಡ್ ಮ್ಯಾನ್ಸ್‌ಫೀಲ್ಡನನ್ನು ಇಟ್ಟನು. ರಾಜಕೀಯ ಪಕ್ಷಭೇದವೂ ಇದರಲ್ಲಿತ್ತು. ಗಣಿತದ ಕೊರತೆಯೂ ಸುಳ್ಳಲ್ಲ. ಪಟ್ನಮನ ಹೆಸರಿನ ಕೋಟೆಯ ನೆರಳಿನಲ್ಲಿ ಪಾಠ ಹೇಳುತ್ತಿದ್ದವನೇ ಅವನ ಸ್ಥಾನಕ್ಕೆ ಬಂದದ್ದು ವಿಧಿಯ ವಿನೋದ.

ಇದಕ್ಕೆ ಮೊದಲು ಅವನು ಮಾಡಿದ ಒಂದು ಕಾರ್ಯವನ್ನು ಹೇಳದಿರಲಾಗದು. 1802ರ ನವಂಬರಿನಲ್ಲಿ ಒಹಾಯೊ ರಾಜ್ಯದ ಘಟನೆಯನ್ನು ರಚಿಸಲು ಪ್ರತಿನಿಧಿಗಳು ಕೂಡಿದರು. ಗುಲಾಮಗಿರಿಯನ್ನು ಯಾವುದಾದರೊಂದು ರೂಪದಲ್ಲಿ ಒಳಗೆ ಬಿಟ್ಟುಕೊಳ್ಳಬೇಕೆನ್ನುವವರು ಸಭೆಯಲ್ಲಿದ್ದರು. ನಿಷೇಧದ ಪರವಾಗಿ ನಿಂತ ಎಫ್ರಾಯಿಮ್ ಕಟ್ಲರನು, ಹಿಂದೆ ಹೇಳಿದ ಕಟ್ಲರನ ಮಗನು, ಬೇನೆ ಬಿದ್ದು ಮಲಗಿದ್ದನು. ಅರುವತ್ತನಾಲ್ಕರ ಮುದುಕ ಪಟ್ನಮನು ಅವನ ಹಾಸಿಗೆಯ ಬಳಿಗೆ ಹೋಗಿ, ನೀನು ಬಾರದಿದ್ದರೆ ಕೆಲಸ ಕೆಟ್ಟಿತೆಂದು ಎಬ್ಬಿಸಿದನು. ಕಟ್ಲರನು ಬಂದನು, ಮತ ಹಾಕಿದರು, ನಿಷೇಧವು ಗೆದ್ದಿತು. ಗೆಲುವು ಒಂದೇ ಮತದ್ದೆಂದು ಕಟ್ಲರನು ಮುಂದೆ ಬರೆದಿಟ್ಟನು.

ಉಳಿದ ವರ್ಷಗಳು ಶಾಂತವಾಗಿ ಕಳೆದವು. 1797ರಲ್ಲಿ ಮರಿಯೆಟ್ಟೆಯಲ್ಲಿ ವಿದ್ಯಾಶಾಲೆಯನ್ನು ಕಟ್ಟಿಸುವುದರಲ್ಲಿ ಅವನೇ ಮುಂದಾಳಾಗಿದ್ದನು. ಕಂಪನಿಯ ಕರಾರಿನಲ್ಲಿ ವಿಶ್ವವಿದ್ಯಾಲಯಕ್ಕೆಂದು ಮೀಸಲಿಟ್ಟ ಎರಡು ಊರುಗಳ ಜಮೀನಿನ ಮೇಲೆ 1804ರಲ್ಲಿ ಒಹಾಯೊ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅದರ ವಿಶ್ವಸ್ತರಲ್ಲಿ ಅವನೊಬ್ಬನು. ಕಾಗುಣಿತ ತಪ್ಪುವ ಕೈ ಅದರ ಕಾಗದಗಳಿಗೆ ರುಜು ಹಾಕಿತು. 1820ರಲ್ಲಿ ಪರ್ಸಿಸಳು ತೀರಿಕೊಂಡಳು. ಅನಂತರ ಅವಿವಾಹಿತೆಯಾದ ಮಗಳೊಬ್ಬಳು ಅವನ ಸೇವೆಗೆ ನಿಂತಳು. ಹಳೆಯ ಕೋಟೆಯನ್ನು ಬಿಚ್ಚಿದಾಗ ತನ್ನ ಪಾಲಿಗೆ ಉಳಿಸಿಕೊಂಡ ಮನೆಯಲ್ಲಿಯೇ ಮುದುಕನು ಕಡೆಯವರೆಗೂ ಇದ್ದನು. 1824ನೆಯ ಇಸವಿ ಮೇ 4ರಂದು, 86ನೆಯ ವಯಸ್ಸಿನಲ್ಲಿ, ಅಲ್ಲಿಯೇ ಕಾಲವಾದನು. ಆ ಮರದ ಮನೆಯು ಈಗ ಒಂದು ವಸ್ತುಸಂಗ್ರಹಾಲಯದ ಮಾಡಿನ ಕೆಳಗೆ ಸುರಕ್ಷಿತವಾಗಿದೆ.

ಸ್ವಾತಂತ್ರ್ಯಸಮರದ ಸೇನಾನಿಗಳಲ್ಲಿ ಆಗ ಬದುಕಿ ಉಳಿದಿದ್ದ ಕೆಲವರಲ್ಲಿ ಫ್ರಾನ್ಸಿನ ಲಫಾಯೆಟ್ ಒಬ್ಬನು. ಆತನು ಮರುವರ್ಷದ ಮೇ ತಿಂಗಳಲ್ಲಿ ಒಹಾಯೊ ನದಿಯ ದಾರಿಯಿಂದ ಬಂದು ಮರಿಯೆಟ್ಟೆಯಲ್ಲಿ ಇಳಿದು ಹಳೆಯ ಯೋಧರನ್ನು ಕಂಡನು. ಪಟ್ನಮನು ಮಣ್ಣಾಗಿ ಆಗಲೇ ಒಂದು ವರ್ಷವಾಗಿತ್ತು.